ನೀಲಕ್ಕನ ಚಿತ್ರದ ಜೊತೆ ಲುಬ್ಬಳ್ಳಿಗೆ

ಬದಾಮಿ

ನೀಲಕ್ಕ ಮೊದಲ ಸಲ ವಿಮಾನ ಹತ್ತಿದ್ದು ಕೌದಿಯಲ್ಲಿ ಸುತ್ತಿದ ಒಂದು ಚಿತ್ರವನ್ನು ಎದೆಗೆ ಅವಚಿಕೊಂಡು. ಹಿಂದೆ ನಾನು ಇಬ್ಬರ ಪಾಸ್‌ಪೋರ್ಟು, ಇಬ್ಬರ ಕೈಚೀಲ, ಅಮೀನಗಡದ ಕರದಂಟಿನ ಡಬ್ಬಿ ಎಲ್ಲವನ್ನೂ ಹೊತ್ತು ಏದುಸಿರು ಬಿಡುತ್ತಿದ್ದೆ. ಜನ ತಾವಾಗಿಯೇ ದಾರಿ ಬಿಟ್ಟರು. ಕೌದಿಯೊಳಗೆ ಯಾವುದೋ ದೇವರಿದ್ದಾನೆ ಅಂದುಕೊಂಡಿರಬೇಕು.

ನೀಲಕ್ಕ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಬಾಗಲಕೋಟೆಯ ನವನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತಳಾದವಳು. ಅವಳು ಬದಾಮಿಯಲ್ಲಿ ಮನೆಯ ಮೇಲಿನ ಎರಡು ಕೋಣೆಗಳನ್ನು ಬಂಡೆ ಹತ್ತಲು ಬರುವ ಪರದೇಶದವರಿಗೆ ಬಾಡಿಗೆಗೆ ಕೊಟ್ಟು, ಅವರಿಗೆ ರೊಟ್ಟಿ ಬಡಿದು ಹಾಕುವವಳು. ಎದುರಿಗೆ ಮಾತಾಡುವಾಗ ನಾನು ಅವಳಿಗೆ ‘ರಿ’ ಹಚ್ಚುತ್ತೇನೆ. ಇಲ್ಲಿ ‘ಅವಳು’ ಅಂತ ಬರೆಯುತ್ತಿರುವುದು ಅವಳ ಅಪ್ಪಣೆ. “ಪುಸ್ತಕದಾಗ ಅವರು ಇವರು ಅಂತ ಬರದ್ರ ನಾ ಸತ್ತೇನಿ ಅಂತ ತಿಳೀತಾರ” ಅಂದಿದ್ದಾಳೆ.

ಚಿತ್ರದ ವಿಷಯ ಹೇಳುತ್ತೇನೆ. ಬಹಳ ಹಿಂದೆ ಸ್ಲೊವೇನಿಯಾ ಎಂಬ ದೇಶದಿಂದ ಮತೇಯಾ ಎಂಬ ಹೆಂಗಸು ಬಂದು ಒಂದು ಚಳಿಗಾಲ ಪೂರ್ತಿ ನೀಲಕ್ಕನ ಮೇಲ್ಮನೆಯಲ್ಲಿ ಇದ್ದಳು. ಹಗಲು ಬಂಡೆ ಹತ್ತುತ್ತಿದ್ದಳು, ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಏನೋ ಗೀಚುತ್ತಿದ್ದಳು. ಅವಳು ಊರಿಗೆ ಹೋದ ಮರುವರ್ಷ ಅಂಚೆಯಲ್ಲಿ ಉದ್ದನೆಯ ಕೊಳವೆಯೊಂದು ಬಂತು. ಒಳಗೆ ದಪ್ಪ ಕಾಗದದ ಮೇಲೆ ಅಚ್ಚು ಹಾಕಿದ ಒಂದು ಚಿತ್ರ. ಅದರಲ್ಲಿ ಮನುಷ್ಯರಿಲ್ಲ, ಗಿಡವಿಲ್ಲ, ದೇವರಿಲ್ಲ. ಒಂದು ಕಡೆ ಗಾಢ ಕಪ್ಪು, ಅದರ ಅಂಚಿಗೆ ಒರಟಾದ ಕಾವಿ, ನಡುವೆ ಕೂದಲೆಳೆಯಂಥ ಬಿಳಿ ಗೆರೆಗಳು. ಭಾವನವರು ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ನೇತುಹಾಕಿದರು.

ಅಂದಿನಿಂದ ಮನೆಗೆ ಬಂದವರೆಲ್ಲ ಚಹಾ ಕುಡಿಯುತ್ತ ಕೇಳುವ ಪ್ರಶ್ನೆ ಒಂದೇ: “ಇದರಾಗ ಏನೈತ್ರಿ?”

ಭಾವ “ನಮ್ಮ ಬದಾಮಿ ಗುಡ್ಡ” ಅನ್ನುತ್ತಿದ್ದರು. ನನ್ನ ಗಂಡ “ಯಾರದೋ ಎದಿ ಎಕ್ಸರೇ” ಅನ್ನುತ್ತಿದ್ದರು. ಹಾಲಿನವನು ಒಮ್ಮೆ ಕಟ್ಟೆ ಹತ್ತಿ ಬಂದು ದಿಟ್ಟಿಸಿ ನೋಡಿ, “ಹೊತ್ತಿದ ಚಪಾತಿರಿ” ಅಂದ. ನೀಲಕ್ಕ ಏನೂ ಹೇಳುತ್ತಿರಲಿಲ್ಲ.

ಈ ವರ್ಷ ನಾನು ಬದಾಮಿಯಲ್ಲಿದ್ದಾಗ ಮತೇಯಾ ಫೋನ್ ಮಾಡಿದಳು, ಇಂಗ್ಲಿಷಿನ ಮಾತೆಂದು ಫೋನು ನನ್ನ ಕೈಗೆ ಬಂತು. ಅವಳ ಕೆಲಸದ ಕೋಣೆಯಲ್ಲಿ ನೀರಿನ ಪೈಪು ಒಡೆದು, ಆ ಕಾಲದ ಚಿತ್ರಗಳೆಲ್ಲ ನೆನೆದು ಮುದ್ದೆಯಾಗಿದ್ದವಂತೆ. ಅವಳ ಇಡೀ ಜೀವಮಾನದ ಕೆಲಸದ ಪ್ರದರ್ಶನ ಅದೇ ಶರತ್ಕಾಲದಲ್ಲಿ. “ನೀಲಾಗೆ ಕಳಿಸಿದ್ದು ಇನ್ನೂ ಇದೆಯಾ? ತರುತ್ತೀರಾ? ಟಿಕೆಟ್ ನಾನು ಕಳಿಸುತ್ತೇನೆ.”

ಭಾವ ಕೂತಲ್ಲಿಂದಲೇ ನೆಟ್ಟಗಾದರು. “ಹಂಗಾದ್ರ ಇದಕ್ಕ ರೇಟ್ ಐತಿ ಅಂತಾತು! ಒಂದ ಮಾತು, ಇದು ಝೆರಾಕ್ಸ್ ಅಲ್ಲ ಹೌದಿಲ್ಲೋ?”

ನಾನು ತಿಳಿದಷ್ಟು ಹೇಳಿದೆ. ಲೋಹದ ತಗಡಿನಲ್ಲಿ ಕಲಾವಿದೆ ಕೈಯಾರೆ ಕೊರೆಯುತ್ತಾಳೆ, ಶಾಯಿ ತುಂಬುತ್ತಾಳೆ, ಒಂದೊಂದೇ ಕಾಗದಕ್ಕೆ ಒತ್ತುತ್ತಾಳೆ. ಕೆಲವೇ ಪ್ರತಿಗಳು ಹುಟ್ಟುತ್ತವೆ, ಪ್ರತಿಯೊಂದೂ ಅಸಲು. ಭಾವನವರಿಗೆ ‘ಅಸಲು’ ಎಂಬ ಒಂದೇ ಶಬ್ದ ಸಾಕಾಯಿತು. ಮೊಣಕಾಲಿನ ಕಾರಣಕ್ಕೆ ತಾವು ಬರಲಾರೆ ಅಂದರು. ನಮ್ಮಿಬ್ಬರನ್ನು ಕಳಿಸುವಾಗ ಒಂದೇ ಕೆಲಸ ಹಚ್ಚಿದರು: ಬೆಲೆ ಕಟ್ಟಿಸುವುದು, ಕುದುರಿದರೆ ಮಾರಿ ಬರುವುದು, ಆ ದುಡ್ಡಿನಲ್ಲಿ ಮೇಲೆ ಮೂರನೇ ಕೋಣೆ, ಕಮೋಡ್ ಸಹಿತ.

ನೀಲಕ್ಕ ಎದ್ದು ಹೋಗಿ ಟ್ರಂಕಿನಿಂದ ಅತ್ಯಂತ ಮೆತ್ತಗಿನ ಕೌದಿ ತೆಗೆದಳು. ಅವಳ ತಾಯಿಯ ಹಳೆಯ ಇಳಕಲ್ ಸೀರೆಗಳದ್ದು.

ಬೆಂಗಳೂರು ವಿಮಾನ ನಿಲ್ದಾಣ

ತಪಾಸಣೆಯ ಯಂತ್ರದೊಳಗೆ ಹೋದ ಕೌದಿ ಹೊರಗೆ ಬಂದಾಗ ಅದರ ಸುತ್ತ ನಾಲ್ಕು ಜನ ಸೇರಿದ್ದರು.

“ಏನಮ್ಮಾ ಇದು? ಬಿಚ್ಚಿ ತೋರಿಸಿ” ಅಂದ ಒಬ್ಬ ತರುಣ ಅಧಿಕಾರಿ.

“ಚಿತ್ರಾರಿ. ಕೈ ತೊಳಕೊಂಡೀರಿಲ್ಲೋ?” ಅಂದಳು ನೀಲಕ್ಕ.

ಅವನು ಪಾಪ, ತನ್ನ ಕೈಗವಸು ತೋರಿಸಿದ. ಕೌದಿ ಬಿಚ್ಚಿತು. ಅವನು ಚಿತ್ರವನ್ನು ಅಡ್ಡ ಹಿಡಿದ, ಉದ್ದ ಹಿಡಿದ, ತಲೆಕೆಳಗು ಹಿಡಿದ. ಕೊನೆಗೆ ಬಹಳ ಮರ್ಯಾದೆಯಿಂದ ಕೇಳಿದ: “ಮೇಡಂ, ಇದರಲ್ಲಿ ಮೇಲ್ಗಡೆ ಯಾವುದು?”

ಇತಿಹಾಸದ ಶಿಕ್ಷಕಿಯಾದ ನನಗೆ ಉತ್ತರ ಗೊತ್ತಿರಬೇಕಿತ್ತು. ನಾನು ಚಿತ್ರದ ಕಟ್ಟಿನ ಹಿಂದೆ ಹೊಡೆದಿದ್ದ ಕೊಂಡಿ ನೋಡಿ, “ಇದು ಮೇಲೆ” ಅಂದೆ. ಅವನಿಗೆ ಸಮಾಧಾನವಾಯಿತು. ಅಡ್ಡಲಾಗಿ ಎತ್ತಿ ಹಿಡಿದು, “ಚೆನ್ನಾಗಿದೆ. ಸಮುದ್ರ ಅಲ್ವಾ?” ಅಂದ.

ವಿಮಾನದಲ್ಲಿ ಚಿತ್ರ ತಲೆಯ ಮೇಲಿನ ಗೂಡಿನಲ್ಲಿ ಹಿಡಿಯಲಿಲ್ಲ. ಗಗನಸಖಿ ಅದನ್ನು ಮುಂದಿನ ಕೋಟು ತೂಗುಹಾಕುವ ಕಪಾಟಿನಲ್ಲಿ ಇಟ್ಟು ಬಾಗಿಲು ಹಾಕಿದಳು. ನೀಲಕ್ಕನಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಮೋಡ, ಸೂರ್ಯೋದಯ, ಹಿಮದ ಬೆಟ್ಟ ಎಲ್ಲ ಬಂದು ಹೋದವು. ಅವಳು ಒಂದನ್ನೂ ನೋಡಲಿಲ್ಲ, ಕಪಾಟಿನ ಬಾಗಿಲನ್ನೇ ನೋಡುತ್ತ ಕೂತಳು. ಯಾರಾದರೂ ಕೋಟು ತೆಗೆಯಲು ಹೋದರೆ ಸೀಟಿನಿಂದ ಅರ್ಧ ಏಳುತ್ತಿದ್ದಳು.

“ಅಕ್ಕಾರ, ಕೆಳಗ ನೋಡ್ರಿ, ಎಷ್ಟ ಛಂದ ಗುಡ್ಡ!”

“ಗುಡ್ಡ ಬದಾಮ್ಯಾಗ ಅದಾವ. ನೀ ನೋಡು.”

ಲ್ಯುಬ್ಲಿಯಾನಾ

ಆ ದೇಶದ ರಾಜಧಾನಿಯ ಹೆಸರು ಲ್ಯುಬ್ಲಿಯಾನಾ. ನೀಲಕ್ಕ ಎರಡು ಸಲ ಪ್ರಯತ್ನ ಮಾಡಿ ಬಿಟ್ಟುಕೊಟ್ಟಳು. “ನಮ್ಮ ಕಡೆ ಹುಬ್ಬಳ್ಳಿ, ಇವರ ಕಡೆ ಲುಬ್ಬಳ್ಳಿ. ಸಾಕು.” ಊರಿಗೆ ಇಳಿದ ಮೊದಲ ದಿನವೇ ನನ್ನ ಬಾಯಿಗೂ ಅದೇ ಬಂತು.

ಮತೇಯಾ ಎದುರುಗೊಳ್ಳಲು ಬಂದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆರಳುಗಳಲ್ಲಿ ಶಾಯಿಯ ಕಲೆ ಹಾಗೇ ಇತ್ತು. ನೀಲಕ್ಕನನ್ನು ತಬ್ಬಿಕೊಂಡು ತನಗೆ ನೆನಪಿದ್ದ ಕನ್ನಡವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು: “ರೊಟ್ಟಿ ಭಾಳ ಛಲೋ ಸಾಕು ಸಾಕು ಇನ್ನೊಂದು!”

ಅವಳ ಮನೆಯ ಬಾಗಿಲಲ್ಲಿ ಒಂದು ದೊಡ್ಡ ಬುಟ್ಟಿ. ಅದರ ತುಂಬ ಉಣ್ಣೆಯ ಚಪ್ಪಲಿಗಳು, ಎಲ್ಲ ಅಳತೆಯವು. ಅಲ್ಲಿ ಯಾರ ಮನೆಗೆ ಹೋದರೂ ಹೊರಗಿನ ಬೂಟು ಬಿಟ್ಟು, ಅತಿಥಿಗಳಿಗೆಂದೇ ಇಟ್ಟ ಈ ಚಪ್ಪಲಿ ಮೆಟ್ಟಬೇಕು. ನೀಲಕ್ಕ ತನ್ನ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದಳು. ಮತೇಯಾ ಹೌಹಾರಿದಳು. ಮನೆಯೊಳಗೆ ಚಪ್ಪಲಿ ಮೆಟ್ಟಿದರೆ ನೀಲಕ್ಕನಿಗೆ ಮೈಲಿಗೆ, ಬರಿಗಾಲಲ್ಲಿ ನಡೆದರೆ ಮತೇಯಾಗೆ ಜ್ವರದ ಭಯ. ಕೊನೆಗೆ ದಪ್ಪ ಕಾಲುಚೀಲದ ಮೇಲೆ ಒಪ್ಪಂದವಾಯಿತು.

ಇನ್ನೊಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಊರಿನವರಂತೆ ಇದ್ದರು. ಎದುರುಬದುರಿನ ಎರಡು ಕಿಟಕಿ ಒಟ್ಟಿಗೆ ತೆರೆದಿದ್ದರೆ ಅಲ್ಲಿನ ಜನ ಎದ್ದು ಹೋಗಿ ಒಂದನ್ನು ಮುಚ್ಚುತ್ತಾರೆ. ನಡುವೆ ಹಾಯುವ ಗಾಳಿ ಬಡಿದರೆ ಕುತ್ತಿಗೆ ಹಿಡಿಯುತ್ತದೆ, ಕಿವಿ ನೋಯುತ್ತದೆ, ಏನು ಬೇಕಾದರೂ ಆಗುತ್ತದೆ ಅಂತ ಓದಿದವರೂ ನಂಬುತ್ತಾರೆ. ಮತೇಯಾ ಇದನ್ನು ವಿವರಿಸಿದಾಗ ನೀಲಕ್ಕ ನನ್ನ ಕಡೆ ತಿರುಗಿ, “ನೋಡು, ನಾ ಗಾಳಿ ಬಡೀತೈತಿ ಅಂದ್ರ ನಗತಿದ್ದಿ. ಯುರೋಪಿನ್ಯಾಗೂ ಬಡೀತೈತಿ” ಅಂದಳು.

ಆ ರಾತ್ರಿ ಮತೇಯಾ ಕೌದಿ ಬಿಚ್ಚಲಿಲ್ಲ. “ನಾಳೆ ಚಿತ್ರ ಪರೀಕ್ಷಿಸುವ ಇರೇನಾಳ ಮುಂದೆಯೇ ಬಿಚ್ಚೋಣ. ನನಗೆ ಒಬ್ಬಳೇ ನೋಡಲು ಧೈರ್ಯವಿಲ್ಲ” ಅಂದಳು. ಅವಳ ಧ್ವನಿ ಕೇಳಿ ನನಗೂ ಸ್ವಲ್ಪ ಹೆದರಿಕೆಯಾಯಿತು. ಪಡಸಾಲೆಯ ಬಿಸಿಲು, ಗೋಡೆಯ ಆಚೆಗಿನ ಬಚ್ಚಲು, ಮಳೆಗಾಲದ ತೇವ ಎಲ್ಲ ಒಂದೊಂದಾಗಿ ನೆನಪಾದವು.

ಕಾಗದದ ದವಾಖಾನೆ

ಇರೇನಾ ಹಳೆಯ ಕಾಗದಗಳಿಗೆ ಚಿಕಿತ್ಸೆ ಮಾಡುವವಳು. ಚಿತ್ರಗಳಿಗೆ ಬೆಲೆ ಕಟ್ಟುವುದೂ ಅವಳ ಕೆಲಸ. ಬಿಳಿ ಕೋಟು, ಕೊರಳಲ್ಲಿ ಭೂತಗನ್ನಡಿ. ಅವಳ ಕೋಣೆಯಲ್ಲಿ ಉಗುರುಬೆಚ್ಚಗಿನ ಶಾಂತಿ ಇತ್ತು. ಒಂದು ಮೇಜಿನ ಮೇಲೆ ಹಳೆಯ ನಕ್ಷೆಯೊಂದು ಒದ್ದೆ ಬಟ್ಟೆ ಹೊದ್ದು ಮಲಗಿತ್ತು.

“ಖರೇನ ದವಾಖಾನಿ ಇದ್ದಂಗ ಐತಿ” ಅಂದಳು ನೀಲಕ್ಕ ಪಿಸುದನಿಯಲ್ಲಿ.

ಇರೇನಾ ಕೌದಿಯ ಒಂದು ತುದಿ ಎತ್ತಿದಳು. ಅದರ ಮಡಿಕೆಯಿಂದ ಒಂದು ಇರುವೆ ಹೊರಗೆ ಬಂದು, ಮೇಜಿನ ಮೇಲೆ ನಿಂತು ಮೀಸೆ ಆಡಿಸಿತು.

ಇರೇನಾ ಕುರ್ಚಿ ಸಮೇತ ಹಿಂದಕ್ಕೆ ಸರಿದಳು. ನಕ್ಷೆಯ ಮೇಲೆ ಅವಳ ಸಹಾಯಕಿಯೊಬ್ಬಳು ಗಾಜಿನ ಮುಚ್ಚಳ ಕವುಚಿದಳು. “ಇದು ಏನು ತಿನ್ನುತ್ತದೆ?” ಅಂತ ಇರೇನಾ ಕೇಳಿದಳು.

“ಕರದಂಟು” ಅಂದೆ. ಬೆಲ್ಲ, ಅಂಟು, ಒಣಹಣ್ಣು ಹಾಕಿ ಮಾಡುವ ಸಿಹಿ ಅಂತ ವಿವರಿಸಿದೆ. ಕಾಗದ ತಿನ್ನುವುದಿಲ್ಲ ಅಂತ ಆಣೆ ಮಾಡಿದೆ. ಅವಳು ನಂಬಲಿಲ್ಲ. ಹುನಗುಂದ ತಾಲ್ಲೂಕಿನ ಅಮೀನಗಡದ ಆ ಇರುವೆಯನ್ನು ಒಂದು ಚಿಕ್ಕ ಶೀಶೆಯಲ್ಲಿ ಹಿಡಿದು ಪಕ್ಕಕ್ಕಿಟ್ಟಳು.

ಕಟ್ಟು ಬಿಚ್ಚಿದಾಗ ಹಿಂದೆ ಪ್ಲೈವುಡ್ ಹಲಗೆ, ಅದರ ಮುಂದೆ ಹಳೆಯ ಕನ್ನಡ ಪತ್ರಿಕೆಯ ಅರ್ಧ ಪುಟ. ಪತ್ರಿಕೆ ಕಂದು ಬಣ್ಣಕ್ಕೆ ತಿರುಗಿತ್ತು, ತನ್ನ ಕಂದನ್ನು ಚಿತ್ರದ ಬೆನ್ನಿಗೂ ಹಂಚಿತ್ತು.

“ಏನು ಬರೆದಿದೆ? ದಯವಿಟ್ಟು ಓದಿ” ಅಂದಳು ಇರೇನಾ, ಬರೆದುಕೊಳ್ಳಲು ಸಿದ್ಧಳಾಗಿ.

ನಾನು ಓದಿದೆ. “ಮೂಲವ್ಯಾಧಿಗೆ ಶಸ್ತ್ರಚಿಕಿತ್ಸೆ ಇಲ್ಲದೆ ಶಾಶ್ವತ ಪರಿಹಾರ.”

“ಚಿತ್ರಕ್ಕೆ ಸಂಬಂಧವಿದೆಯೇ?”

“ಇಲ್ಲ.”

ಅವಳು ಗಂಭೀರವಾಗಿ ಅದನ್ನೂ ಬರೆದುಕೊಂಡಳು. ಚಿತ್ರ ಯಾವುದರ ಪಕ್ಕದಲ್ಲಿ ಬಾಳಿತು ಅನ್ನುವುದು ಗೊತ್ತಿರಬೇಕು ಅಂದಳು. ಮತೇಯಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ, ನೋಡಿದರೆ ನಗುತ್ತಿದ್ದಳು.

ಆಮೇಲೆ ನಗು ನಿಂತಿತು. ಇರೇನಾ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಟ್ಟಳು. ಇಷ್ಟು ವರ್ಷ ಸಪಾಟಾಗಿ ಕಂಡ ಚಿತ್ರದಲ್ಲಿ ದಿಣ್ಣೆ, ತಗ್ಗು, ಹೊಲದ ಸಾಲಿನಂಥ ಗೆರೆಗಳು ಎದ್ದವು. ಜೊತೆಗೆ ಅದರ ರೋಗಗಳೂ ಎದ್ದವು. ಬೆಳಗಿನ ಬಿಸಿಲು ಬೀಳುವ ಕಡೆ ಕಾವಿ ಮಾಸಿತ್ತು. ಬಚ್ಚಲಿನ ತೇವಕ್ಕೆ ಸಣ್ಣ ಸಣ್ಣ ಕಂದು ಚುಕ್ಕೆಗಳು ಎದ್ದಿದ್ದವು. ನಡುವೆ ಅಂತರವಿಲ್ಲದ್ದರಿಂದ ಗಾಜಿಗೆ ಒಂದು ಕಡೆ ಕಪ್ಪು ಶಾಯಿ ಅಂಟಿತ್ತು. ಎಲ್ಲಕ್ಕಿಂತ ದೊಡ್ಡದು, ಚಿತ್ರದ ಸುತ್ತ ಇರಬೇಕಾದ ಬಿಳಿ ಕಾಗದವನ್ನು ಕಟ್ಟು ಹಾಕಿದವನು ದೇವರ ಫೋಟೋದ ಅಳತೆಗೆ ಹೊಂದಿಸಲು ಹಿಂದಕ್ಕೆ ಮಡಚಿಬಿಟ್ಟಿದ್ದ.

“ಸಹಿ, ಪ್ರತಿಯ ಸಂಖ್ಯೆ, ಎಲ್ಲ ಆ ಮಡಿಕೆಯಲ್ಲಿವೆ. ಮಡಿಕೆಯಲ್ಲಿ ಕಾಗದ ಒಣಗಿ ಗರಿಗರಿಯಾಗಿದೆ. ಬಿಡಿಸುವಾಗ ಮುರಿಯಬಹುದು” ಅಂದಳು ಇರೇನಾ.

“ನಾ ಬ್ಯಾಡ ಅಂದಿದ್ದೆ” ಅಂದಳು ನೀಲಕ್ಕ ಮೆಲ್ಲಗೆ. “ಬಿಳಿ ಹಾಳಿ ಯಾರ ನೋಡ್ತಾರ ಅಂತ ಇವರಂದ್ರು.”

ಇರೇನಾ ಮೊದಲು ಚಿತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಿ ಹಿಮದ ಪೆಟ್ಟಿಗೆಯಲ್ಲಿ ಇಡಬೇಕು, ಹುಳ ಏನಾದರೂ ಇದ್ದರೆ ಸಾಯಲಿ, ಆಮೇಲೆ ಚಿಕಿತ್ಸೆ ಅಂದಳು. ನಾನು ಅನುವಾದ ಮಾಡಿದೆ. ನೀಲಕ್ಕ ದಂಗಾದಳು.

“ಚಿತ್ರಾ ಫ್ರಿಜ್ಜಿನಾಗ ಇಡ್ತಾರಾ? ಅದೇನ ಮಾವಿನ ಹಣ್ಣೇನ?”

ಆ ಸಂಜೆ ಭಾವನವರ ಫೋನು ಬಂತು. “ಎಷ್ಟಾತು?”

“ಫ್ರಿಜ್ಜಿನಾಗ ಐತ್ರಿ” ಅಂದಳು ನೀಲಕ್ಕ.

ಬೆಟ್ಟದ ಕಡೆ

ಚಿತ್ರ ಹಿಮದಲ್ಲಿ ಮಲಗಿದ್ದಾಗ ನಮಗೆ ಕೆಲಸವಿರಲಿಲ್ಲ. ಮತೇಯಾ ನಮ್ಮನ್ನು ಕಾರಿನಲ್ಲಿ ಹಳ್ಳಿಗಳ ಕಡೆ ಕರೆದೊಯ್ದಳು. ಹೊಲಗಳಲ್ಲಿ ಮರದ ಕಂಬಗಳಿಗೆ ಅಡ್ಡಗಳು ಹೊಡೆದು, ಮೇಲೆ ಮಾಡು ಕಟ್ಟಿ, ಹುಲ್ಲನ್ನು ಬಟ್ಟೆ ಒಣಹಾಕಿದಂತೆ ಒಣಹಾಕುತ್ತಾರೆ. ಬರೀ ಹುಲ್ಲಿಗೆ ಇಷ್ಟು ಚಂದದ ಮನೆ! ನೀಲಕ್ಕ ಕಾರು ನಿಲ್ಲಿಸಿ ಒಂದು ಕಂಬವನ್ನು ತಟ್ಟಿ ನೋಡಿದಳು. ನಮ್ಮ ಕಡೆ ಜೋಳದ ಕಣಿಕೆಯ ಬಣವೆ ಒಟ್ಟುವುದನ್ನು ಕೈಯಲ್ಲೇ ಮಾಡಿ ತೋರಿಸಿದಳು. ಅಲ್ಲಿದ್ದ ರೈತ ತಲೆದೂಗಿದ. ಇಬ್ಬರೂ ತಂತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದಿರಿ ಅಂದರೆ, “ಇಲಿ ಕಾಟ ಇಲ್ಲೂ ಐತಂತ” ಅಂದಳು.

ಊಟಕ್ಕೆ ಒಂದು ಬಗೆಯ ಕಪ್ಪು ಹಿಟ್ಟಿನ ಉದುರು ನುಚ್ಚು, ಮೇಲೆ ಹುಳಿ ಹಾಲು. ನೀಲಕ್ಕ ಎರಡು ಸಲ ಹಾಕಿಸಿಕೊಂಡಳು. ಋಣ ತೀರಿಸಲೆಂದು ಮರುದಿನ ಮತೇಯಾಳ ಮನೆಯಲ್ಲಿ ರೊಟ್ಟಿಗೆ ನಿಂತಳು. ಬದಾಮಿಯಿಂದ ಜೋಳದ ಹಿಟ್ಟು ತಂದಿದ್ದಳು. ಕರೆಂಟಿನ ಒಲೆಯ ಮೇಲೆ ರೊಟ್ಟಿ ಉಬ್ಬಲಿಲ್ಲ, ಹೊಗೆ ಮಾತ್ರ ಎದ್ದಿತು. ಮಾಡಿಗೆ ಅಂಟಿಸಿದ್ದ, ಹೊಗೆ ಕಂಡರೆ ಕೂಗುವ ಡಬ್ಬಿ ಕಿವಿ ತೂತಾಗುವಂತೆ ಕಿರುಚತೊಡಗಿತು. ಮತೇಯಾ ಕುರ್ಚಿ ಹತ್ತಿ ಅದಕ್ಕೆ ಟವೆಲ್ ಬೀಸಿದಳು. ಕೆಳಗಿನ ಮನೆಯ ಮುದುಕಿ ಬೆಂಕಿ ಆರಿಸಲು ಬಕೆಟ್ ನೀರು ಹಿಡಿದು ಬಂದಳು, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ತಿಂದು ಹೋದಳು.

ಗದ್ದಲ ತಣ್ಣಗಾದ ಮೇಲೆ ನಾನು ಮತೇಯಾಳನ್ನು ಕೇಳಿಯೇಬಿಟ್ಟೆ. ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲಿನ ನಮ್ಮ ಬಳಗದವರೆಲ್ಲರ ಪರವಾಗಿ ಕೇಳಿದೆ.

“ಆ ಚಿತ್ರದಲ್ಲಿ ಏನಿದೆ?”

ಮತೇಯಾ ಕೈ ಒರೆಸಿಕೊಂಡು ಯೋಚಿಸಿದಳು. “ಏನೂ ಇಲ್ಲ. ಬದಾಮಿಯಿಂದ ಬಂದ ಮೇಲೆ ಯಾವ ಆಕಾರ ಗೀಚಿದರೂ ಸುಳ್ಳು ಅನ್ನಿಸುತ್ತಿತ್ತು. ಒಂದು ದಿನ ಎಲ್ಲ ಅಳಿಸಿ, ಕಪ್ಪು ಎಲ್ಲಿ ಮುಗಿಯಬೇಕು ಅನ್ನುವುದೊಂದನ್ನೇ ನೋಡಿದೆ. ಅಲ್ಲಿ ಸರಿಯಾಯಿತು. ಅದನ್ನು ನೀಲಾಗೆ ಕಳಿಸಬೇಕು ಅನ್ನಿಸಿತು.”

ನಾನು ನಿರಾಸೆಯಿಂದ ಅನುವಾದಿಸಿದೆ. ನೀಲಕ್ಕ ಮಾತ್ರ ಚೂರೂ ಅಚ್ಚರಿಪಡಲಿಲ್ಲ. “ಮತ್ತ? ಏನರ ಇದ್ದಿದ್ರ ಇಷ್ಟ ದಿನ ನೋಡಾಕ ಆಗತಿತ್ತೇನು?”

ಮತ್ತೆ ದವಾಖಾನೆ

ಇರೇನಾ ಮಡಿಕೆಗೆ ಹಬೆಯಷ್ಟೇ ತೆಳುವಾದ ತೇವ ಕೊಟ್ಟು, ಮೂಳೆಯ ಚಪ್ಪಟೆ ಕಡ್ಡಿಯಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸಿದಳು. ಒಮ್ಮೆ ‘ಚಿಟ್’ ಅಂದಿತು. ಮತೇಯಾ ಕಣ್ಣು ಮುಚ್ಚಿದಳು. ನೀಲಕ್ಕ ನನ್ನ ಮುಂಗೈ ಹಿಡಿದು ಹಿಂಡಿದಳು, ಬಳೆ ಒತ್ತಿ ಕೆಂಪಾಯಿತು. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸೀಳಿತ್ತು, ಅಷ್ಟೇ. ಜಪಾನಿನ ಹಗುರ ಕಾಗದ, ಗಂಜಿಯಂಥ ಅಂಟು ಹಚ್ಚಿ ಅದನ್ನು ಕೂಡಿಸಿದಳು.

ಬಿಳಿ ಅಂಚಿನಲ್ಲಿ ಪೆನ್ಸಿಲಿನ ಬರಹ ಕಂಡಿತು: ಪ್ರತಿಯ ಸಂಖ್ಯೆ, ‘ನೀಲಾಗೆ’ ಎಂಬ ಅರ್ಥದ ಅವರ ಭಾಷೆಯ ಮಾತು, ಮತೇಯಾಳ ಸಹಿ. ಆದರೆ ಬರಹ ಪಕ್ಕದಲ್ಲಿ ನಿಂತಿತ್ತು. ಇರೇನಾ ಚಿತ್ರವನ್ನು ಕಾಲುಭಾಗ ತಿರುಗಿಸಿದಳು, ಬರಹ ಕೆಳಗೆ ಬಂತು. ಹತ್ತಾರು ವರ್ಷ ಪಡಸಾಲೆಯಲ್ಲಿ ಚಿತ್ರ ಅಡ್ಡ ತೂಗಿತ್ತು.

ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. “ಅಕ್ಕಾರ, ನಾವು ಅಡ್ಡ ಹಾಕಿದ್ವಿ!”

“ನೀವೆಲ್ಲಾ ಕುರ್ಚಿ ಮ್ಯಾಲೆ ಕುಂತು ನೋಡ್ತಿದ್ರಿ” ಅಂದಳು ನೀಲಕ್ಕ. “ನಾ ಮಧ್ಯಾಹ್ನ ಅದರ ಮುಂದ ಚಾಪಿ ಹಾಕ್ಕೊಂಡ ಮಲಗತಿದ್ದೆ. ನನಗ ನೆಟ್ಟಗನ ಕಾಣತಿತ್ತು.”

ಇದನ್ನು ಅನುವಾದ ಮಾಡಿದಾಗ ಇರೇನಾ ಮೊದಲ ಸಲ ನಕ್ಕಳು.

ಆಮೇಲೆ ಬೆಲೆಯ ಮಾತು. ಎಷ್ಟು ಪ್ರತಿ ಹುಟ್ಟಿದ್ದವು, ಎಷ್ಟು ಉಳಿದಿವೆ, ಸಹಿ ಇದೆಯೇ, ಅಂಚು ಪೂರ್ತಿ ಇದೆಯೇ, ಬಣ್ಣ ಎಷ್ಟು ಮಾಸಿದೆ, ಯಾರ ಕೈಯಲ್ಲಿತ್ತು, ಇವೆಲ್ಲ ಸೇರಿ ಬೆಲೆ. ಮಾಸಿದ್ದಕ್ಕೆ, ಮಡಿಕೆಗೆ ಇಳಿಸಿದಳು. ಉಳಿದ ಪ್ರತಿಗಳು ನೀರುಪಾಲಾದದ್ದಕ್ಕೆ, ಕಲಾವಿದೆಯ ಕೈಯಿಂದ ನೇರವಾಗಿ ಬಂದದ್ದಕ್ಕೆ ಏರಿಸಿದಳು. ಕೊನೆಗೆ ಒಂದು ಮೊತ್ತ ಹೇಳಿದಳು. ಅದನ್ನು ಇಲ್ಲಿ ಬರೆಯಬಾರದು ಅಂತ ನೀಲಕ್ಕನ ತಾಕೀತು. ಕೋಣೆ ಕಟ್ಟಲು ಸಾಕಿತ್ತು, ಅಷ್ಟು ಹೇಳಬಹುದು. ಅಲ್ಲಿಯ ಚಿತ್ರ ಸಂಗ್ರಹಾಲಯದವರು ಕೊಳ್ಳಲು ತಯಾರಿದ್ದಾರೆ ಅಂತಲೂ ಇರೇನಾ ಹೇಳಿದಳು. ಕತ್ತಲ ಡ್ರಾಯರಿನಲ್ಲಿ, ಒಂದೇ ಹದದ ಗಾಳಿಯಲ್ಲಿ ಇಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇದು ಹೀಗೇ ಇರುತ್ತದೆ.

ನದಿಯ ದಂಡೆಯಲ್ಲಿ ಸುಟ್ಟ ಚೆಸ್ಟ್‌ನಟ್ ಕಾಯಿ ತಿನ್ನುತ್ತ ಕೂತಾಗ ನಾನು ನನ್ನ ಅಭಿಪ್ರಾಯ ಹೇಳಿದೆ. ನಮ್ಮ ಬಿಸಿಲು, ನಮ್ಮ ಗೆದ್ದಲು, ನಮ್ಮ ಬಚ್ಚಲು. ಇಲ್ಲಿ ಬಿಟ್ಟರೆ ಚಿತ್ರ ಉಳಿಯುತ್ತದೆ, ಭಾವನವರ ಕೋಣೆಯೂ ಆಗುತ್ತದೆ.

“ಡ್ರಾಯರಿನ್ಯಾಗ ಇಟ್ರ ಅದನ್ನ ನೋಡವರ ಯಾರು?”

“ವರ್ಷಕ್ಕೊಮ್ಮೆ ತಗದ ನೋಡ್ತಾರಂತರಿ.”

“ನಾ ದಿನಾ ನೋಡ್ತೇನಿ.” ಅವಳು ಕಾಯಿಯ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದಳು. “ಗಿರಿಜಾ, ನಿನಗ ನಿನ್ನ ನೌಕರಿ ಇತ್ತು. ನಿನ್ನ ಹೆಸರೀಲೆ ಪಗಾರ ಬರತಿತ್ತು, ಕಾಗದ ಬರತಿದ್ವು. ನಮ್ಮನ್ಯಾಗ ಮನಿ ಇವರ ಹೆಸರಿನ್ಯಾಗ, ಹೊಲ ಇವರ ಹೆಸರಿನ್ಯಾಗ, ಕೋಣಿ ಬೋರ್ಡಿನ ಮ್ಯಾಲೂ ಇವರ ಹೆಸರು. ಪೋಸ್ಟಿನಂವ ಬಂದು ‘ನೀಲಮ್ಮ ಅಂದ್ರ ಯಾರು’ ಅಂತ ಕೇಳಿದ್ದು ಅದೊಂದ ಸಲ. ನಾ ಹಿಟ್ಟಿನ ಕೈಯಿಲೇ ಸಹಿ ಮಾಡೇನಿ. ಆಮ್ಯಾಲೆ ಎಲ್ಲಾರೂ ‘ನಮ್ಮ ಚಿತ್ರಾ, ನಮ್ಮ ಚಿತ್ರಾ’ ಅಂದ್ರು. ನಾ ಸುಮ್ನಿದ್ದೆ. ಈಗ ಮಾರೂ ಹೊತ್ತಿಗೂ ಸುಮ್ನಿರ್ಲೇನು?”

ಅವಳ ಜೊತೆ ಎಷ್ಟೊಂದು ಹಬ್ಬ, ಮದುವೆ, ಬಾಣಂತನ ಕಳೆದಿದ್ದೇನೆ. ಇಷ್ಟು ಉದ್ದದ ಮಾತು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಚೆಸ್ಟ್‌ನಟ್ ಪೊಟ್ಟಣ ಅವಳ ಕಡೆ ಸರಿಸಿದೆ.

ಮರುದಿನ ಇರೇನಾ ನಮ್ಮ ನಿರ್ಧಾರ ಕೇಳಿ ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದು ಕೂತು ಆರೈಕೆ ಹೇಳಿಕೊಟ್ಟಳು. ಬಿಸಿಲು ಬೀಳದ ಒಳಗೋಡೆ ಬೇಕು, ಅದರಾಚೆ ಬಚ್ಚಲು ಇರಬಾರದು. ಗಾಜಿಗೂ ಕಾಗದಕ್ಕೂ ನಡುವೆ ಹತ್ತಿಯಿಂದ ಮಾಡಿದ ರಟ್ಟಿನ ಅಂಚು, ಹಿಂದೆಯೂ ಅದೇ ರಟ್ಟು. ಕಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡಲು ಸ್ವಲ್ಪ ಸಂದು. ಮಳೆಗಾಲದಲ್ಲಿ ಇಳಿಸಿ, ಒಣ ಜಾಗದಲ್ಲಿ, ಮಲಗಿಸಿ ಇಡಬೇಕು. ಆಗಾಗ ತೆಗೆದು ಹುಳ ಬಿದ್ದಿದೆಯೇ ನೋಡಬೇಕು.

ನೀಲಕ್ಕ ಎಲ್ಲ ಕೇಳಿ ನನಗಂದಳು: “ಬೆಳಕ ಕಡಿಮಿ, ತೇವ ಬ್ಯಾಡ, ಗಾಳಿ ಬಡೀಬಾರ್ದು, ನಡನಡುವ ಮಲಗಿಸಬೇಕು. ಬಾಣಂತಿ ಆರೈಕಿ ಅನ್ನು. ಅದನ್ಯಾಕ ಇಂಗ್ಲೀಷಿನ್ಯಾಗ ಇಷ್ಟುದ್ದ ಹೇಳ್ತಾಳ?”

ಸಂಜೆ ಫೋನು ಬಂತು. “ಎಷ್ಟಾತು?”

“ಮಾರೂದಿಲ್ರಿ” ಅಂದಳು ನೀಲಕ್ಕ. “ಅದು ನನ್ನ ಹೆಸರಿಗೆ ಬಂದದ್ದು. ನಾ ಮಾರೂದಿಲ್ಲ.”

ಫೋನಿನ ಆ ಕಡೆ ಯಾವುದೋ ಟಂಟಂ ಗಾಡಿ ಹೋಯಿತು, ನಾಯಿ ಬೊಗಳಿತು. ನಾನು ಬೇರೆ ಕಡೆ ನೋಡಿದೆ.

“ಆತು” ಅಂದರು ಭಾವ ಕೊನೆಗೆ. ಫೋನು ಇಡುವ ಮುಂಚೆ, “ಹಂಗಾದ್ರ ಗೋಡಿಗೆ ಯಾವ ಮೊಳಿ ಹೊಡೀಬೇಕು, ಅದನ್ನರ ಕೇಳಕೊಂಡ ಬಾ” ಅಂದರು.

ಪ್ರದರ್ಶನದ ಸಂಜೆ

ಪ್ರದರ್ಶನ ಮುಗಿದ ಮೇಲೆ, ಚಳಿಗಾಲದಲ್ಲಿ ಬಂಡೆ ನೋಡಲು ಬರುವಾಗ ಚಿತ್ರವನ್ನು ತಾನೇ ತರುತ್ತೇನೆ ಅಂತ ಮತೇಯಾ ಮಾತು ಕೊಟ್ಟಿದ್ದಳು. ಆ ಸಂಜೆ ಅದು ದೊಡ್ಡ ಬಿಳಿ ಗೋಡೆಯ ಮೇಲೆ, ನೆಟ್ಟಗೆ, ಸಣ್ಣ ಬೆಳಕಿನಲ್ಲಿ ತೂಗಿತ್ತು. ಪಕ್ಕದ ಚೀಟಿಯಲ್ಲಿ ‘ಬದಾಮಿಯ ನೀಲಮ್ಮ ಅವರ ಸಂಗ್ರಹದಿಂದ’ ಅಂತ ಅವರ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಅಚ್ಚಾಗಿತ್ತು. ನಾನು ಓದಿ ಹೇಳಿದೆ. ನೀಲಕ್ಕ ಸೆರಗಿನ ತುದಿಯಿಂದ ಆ ಚೀಟಿಯ ಮೇಲೆ ಇಲ್ಲದ ಧೂಳು ಒರೆಸಿದಳು. ಕಾವಲಿನವನು ಓಡಿಬಂದ. ಮತೇಯಾ ಏನೋ ಅಂದಳು, ಅವನು ಟೋಪಿ ತೆಗೆದು ಬಾಗಿದ.

ಜನ ತಂಡತಂಡವಾಗಿ ಬಂದರು. ಅಲ್ಲಿ ಲೋಟ ಎತ್ತುವಾಗ ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು ನೋಡಬೇಕು, ಇಲ್ಲವಾದರೆ ಅಮರ್ಯಾದೆ. ನೀಲಕ್ಕ ಹಣ್ಣಿನ ರಸದ ಲೋಟ ಹಿಡಿದು ಎಲ್ಲರ ಕಣ್ಣನ್ನೂ ಎಷ್ಟು ದಿಟ್ಟವಾಗಿ ನೋಡಿದಳೆಂದರೆ ಕೆಲವರು ತಾವೇ ಕಣ್ಣು ತಗ್ಗಿಸಿದರು. ಇಳಕಲ್ ಸೀರೆಯ ಕೆಂಪು ಸೆರಗಿನ ಆ ಹೆಂಗಸು ಯಾರು ಅಂತ ತಿಳಿದ ಮೇಲೆ ಅವಳ ಸುತ್ತ ಗುಂಪು ಕಟ್ಟಿತು. ಪ್ರಶ್ನೆಗಳು ಬಂದವು, ನಾನು ಅನುವಾದಿಸಿದೆ.

“ಇದನ್ನು ಎಲ್ಲಿ ಇಟ್ಟಿದ್ದಿರಿ?”

“ನಮ್ಮ ಪಡಸಾಲ್ಯಾಗ್ರಿ. ತಪ್ಪ ಜಾಗಾದಾಗ. ಇನ್ನ ನಡಮನಿಗೆ ಹೋಗತೈತಿ.”

“ನಿಮಗೆ ಇದರಲ್ಲಿ ಏನು ಕಾಣುತ್ತದೆ?”

“ಕಪ್ಪು ಎಲ್ಲಿ ಮುಗೀತೈತಿ ಅದು ಕಾಣತೈತ್ರಿ.”

ಈ ಉತ್ತರಕ್ಕೆ ಒಬ್ಬ ತರುಣಿ ಕಣ್ಣರಳಿಸಿ ತನ್ನ ಗೆಳೆಯನ ಕಿವಿಯಲ್ಲಿ ಏನೋ ಹೇಳಿದಳು. ಮತೇಯಾ ದೂರದಿಂದ ನೋಡಿ ಲೋಟ ಎತ್ತಿದಳು.

ಕೊನೆಗೆ ಕೋಲು ಊರಿಕೊಂಡು ಒಬ್ಬ ಎತ್ತರದ ಮುದುಕ ಬಂದ. ಬಹಳ ಹೊತ್ತು ಚಿತ್ರದ ಮುಂದೆ ನಿಂತ. ಹತ್ತಿರ ಹೋದ, ಹಿಂದೆ ಸರಿದ, ಕನ್ನಡಕ ತೆಗೆದ, ಹಾಕಿದ. ಆಮೇಲೆ ನನ್ನ ಕಡೆ ತಿರುಗಿ, ಇದನ್ನು ತನಗೆ ಮಾರಬಹುದೇ, ಇರೇನಾ ಎಷ್ಟೇ ಬೆಲೆ ಹೇಳಿರಲಿ, ಅದಕ್ಕಿಂತ ಹೆಚ್ಚು ಕೊಡುತ್ತೇನೆ, ದಿನಾ ನೋಡಬೇಕು ಅನ್ನಿಸುತ್ತಿದೆ ಅಂದ.

ನಾನು ನೀಲಕ್ಕನಿಗೆ ಹೇಳಿದೆ. ಅವಳು ಅವನ ವಯಸ್ಸು ನೋಡಿ ಧ್ವನಿ ಮೆತ್ತಗೆ ಮಾಡಿದಳು.

“ಮಾರೂದಿಲ್ರಿ ಅಜ್ಜಾ. ನೋಡಬೇಕನಿಸಿದ್ರ ನಮ್ಮ ಮನಿಗೆ ಬರ್ರಿ. ಕೆಳಗ ಒಂದ ಮಂಚ ಹಾಕಿಸ್ತೇನಿ, ಮೆಟ್ಟಲಾ ಹತ್ತೂ ತ್ರಾಸ ಬ್ಯಾಡ. ಎರಡ ಹೊತ್ತು ರೊಟ್ಟಿ ಉಣ್ರಿ, ಬೇಕಾದಷ್ಟು ನೋಡ್ರಿ.”

ನಾನು ಅದನ್ನು ಸಂಕೋಚದಿಂದಲೇ ಇಂಗ್ಲಿಷಿಗೆ ಹೊರಳಿಸಿದೆ. ಮುದುಕ ನಗಲಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಒಳಜೇಬಿನಿಂದ ಚಿಕ್ಕ ಕ್ಯಾಲೆಂಡರು ತೆಗೆದು, ಪೆನ್ನಿನ ಟೋಪಿ ಬಿಚ್ಚಿ ನೀಲಕ್ಕನ ಮುಂದೆ ಹಿಡಿದು ಕೇಳಿದ:

“ಯಾವ ತಿಂಗಳು ಒಳ್ಳೆಯದು?”